ಪಿಟಿಒ ತಿರುಗುತ್ತಿಲ್ಲವೇ? ಟ್ರ್ಯಾಕ್ಟರ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಪಿಟಿಒ ಅಂದರೆ ಪವರ್ ಟೇಕ್ ಆಫ್, ಇಂಜಿನ್ ಬಲವನ್ನು ಉಪಕರಣಕ್ಕೆ ಕೊಡುವ ವ್ಯವಸ್ಥೆ. ಅದರ ಲಿವರ್ ಎಳೆದಾಯಿತು, ಇಲ್ಲವೇ ಸ್ವಿಚ್ ಒತ್ತಿದ್ದಾಯಿತು. ಇಂಜಿನ್ ಚೆನ್ನಾಗಿಯೇ ಓಡುತ್ತಿದೆ. ಹಿಂದಿರುವ ರೋಟವೇಟರ್ ಮಾತ್ರ ಅಲ್ಲಾಡುತ್ತಿಲ್ಲ. ತಕ್ಷಣ ತಲೆಗೆ ಬರುವುದು ಒಂದೇ: ಒಳಗೆ ಏನೋ ಮುರಿದಿದೆ, ಟ್ರ್ಯಾಕ್ಟರ್ ಬಿಚ್ಚಿಸಬೇಕು. ಸ್ವಲ್ಪ ತಡೆಯಿರಿ. ಬಹಳ ಸಲ ಕಾರಣ ಹೌಸಿಂಗ್‌ನ, ಅಂದರೆ ಗೇರ್‌ಗಳನ್ನು ಮುಚ್ಚಿರುವ ಕಬ್ಬಿಣದ ಪೆಟ್ಟಿಗೆಯ, ಹೊರಗೇ ಇರುತ್ತದೆ. ಕಳಚಿಬಿದ್ದ ಪಿನ್, ಪೂರ್ತಿ ಬಿಡದ ಕ್ಲಚ್, ಸುಟ್ಟ ಫ್ಯೂಸ್, ಇಳಿದುಹೋದ ಎಣ್ಣೆ, ತುಂಡಾದ ಶಿಯರ್ ಬೋಲ್ಟ್, ಹೀಗೆ.

ಇಂಜಿನ್‌ನಿಂದ ಹೊರಟ ಬಲ ಕ್ಲಚ್ ದಾಟಿ, ಗೇರ್ ದಾಟಿ, ಟ್ರ್ಯಾಕ್ಟರ್ ಹಿಂದೆ ಚಾಚಿರುವ ಹಲ್ಲಿನ ತುದಿಗೆ ಬರುತ್ತದೆ. ಅಲ್ಲಿಂದ ಎರಡು ಕ್ರಾಸ್‌ಗಳಿರುವ (ಬಾಗಿಯೂ ತಿರುಗುವ ಕೀಲುಗಳಿರುವ) ಉದ್ದನೆಯ ಶಾಫ್ಟ್ ಮೂಲಕ ಉಪಕರಣ ಸೇರುತ್ತದೆ. ಗೊಂದಲ ಆಗದಿರಲಿ ಅಂತ ಮೊದಲನೆಯದನ್ನು ಇಲ್ಲಿ ಪಿಟಿಒ ತುದಿ ಎಂದೂ ಎರಡನೆಯದನ್ನು ಕಾರ್ಡನ್ ಶಾಫ್ಟ್ ಎಂದೂ ಕರೆಯುತ್ತೇನೆ. ಈ ದಾರಿಯಲ್ಲಿ ಬಲ ಎಲ್ಲಿವರೆಗೆ ಬರುತ್ತಿದೆ, ಎಲ್ಲಿ ನಿಂತಿದೆ ಎಂದು ಹುಡುಕುವುದೇ ನಮ್ಮ ಕೆಲಸ. ಸ್ಪ್ಯಾನರ್ ಆಮೇಲೆ.

ಕೈ ಹಾಕುವ ಮೊದಲು

ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಸುಮಾರು 35 ಮಿಲಿಮೀಟರ್ ದಪ್ಪದ ಆ ತುದಿಗೆ ಬಟ್ಟೆ ಸಿಕ್ಕಿಕೊಂಡರೆ ಒಂದು ಸೆಕೆಂಡಿನಲ್ಲಿ ಹತ್ತಿರ ಹತ್ತಿರ ಒಂದು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಎಳೆದುಕೊಳ್ಳೋಣ ಅಂದರೆ ಸಮಯವೇ ಇರುವುದಿಲ್ಲ. ಜೊತೆಗೆ, ಹಿಡಿಯದ ಪಿಟಿಒ ಇದ್ದಕ್ಕಿದ್ದಂತೆ ಹಿಡಿದುಬಿಡಬಹುದು. ಕೆಟ್ಟಿರುವಾಗಲೇ ಅದು ಹೆಚ್ಚು ಅಪಾಯ.

ಹಾಗಾಗಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಉಪಕರಣವನ್ನು ನೆಲಕ್ಕೆ ಇಳಿಸಿ. ಮುಟ್ಟಿ ನೋಡುವ ಕೆಲಸ ಇದ್ದಾಗೆಲ್ಲ ಇಂಜಿನ್ ನಿಲ್ಲಿಸಿ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಇಂಜಿನ್ ಓಡುತ್ತಿರುವಾಗ ಪಿಟಿಒ ಹತ್ತಿರ ಕಣ್ಣಿಗೆ ಮಾತ್ರ ಕೆಲಸ, ಅದೂ ದೂರದಿಂದ. ಇಬ್ಬರು ಸೇರಿ ಹುಡುಕುತ್ತಿದ್ದರೆ, ಸೀಟಿನ ಮೇಲೆ ಕೂತವರು ಹೇಳದೆ ಕೇಳದೆ ಏನನ್ನೂ ಒತ್ತಬಾರದು ಎಂದು ಮೊದಲೇ ಮಾತಾಡಿಕೊಳ್ಳಿ.

ಮೊದಲ ಪರೀಕ್ಷೆ: ಉಪಕರಣ ಬಿಡಿಸಿ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇಂಜಿನ್ ನಿಲ್ಲಿಸಿ, ಕಾರ್ಡನ್ ಶಾಫ್ಟನ್ನು ಪಿಟಿಒ ತುದಿಯಿಂದ ಪೂರ್ತಿ ತೆಗೆದುಬಿಡಿ. ತುದಿಯ ಮುಖದ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆಯಿರಿ. ಅದರ ಮೇಲಿರುವ ಕಬ್ಬಿಣದ ಕವರ್ ಹಾಗೇ ಇರಲಿ. ಈಗ ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲೇ ಪಿಟಿಒ ಹಾಕಿ. ಇನ್ನೊಬ್ಬರು ಪಕ್ಕದಲ್ಲಿ ದೂರ ನಿಂತು ಗೆರೆ ತಿರುಗುತ್ತದೆಯೇ ನೋಡಲಿ. ಒಬ್ಬರೇ ಇದ್ದರೆ ಫೋನನ್ನು ದೂರದಲ್ಲಿ ನಿಲ್ಲಿಸಿ ವಿಡಿಯೋ ಮಾಡಿಕೊಳ್ಳಿ. ಇಣುಕಿ ನೋಡಲು ಹೋಗುವುದಕ್ಕಿಂತ ಅದು ಎಷ್ಟೋ ವಾಸಿ.

ಗೆರೆ ಸರಾಗವಾಗಿ ತಿರುಗಿತು ಅಂದರೆ ಟ್ರ್ಯಾಕ್ಟರ್ ಮೇಲಿನ ಅನುಮಾನ ಬಹುಪಾಲು ಹೋಯಿತು. ತೊಂದರೆ ಕಾರ್ಡನ್ ಶಾಫ್ಟ್‌ನಲ್ಲಿದೆ, ಇಲ್ಲವೇ ಉಪಕರಣದಲ್ಲಿದೆ. ನೇರವಾಗಿ ಆ ಭಾಗಕ್ಕೆ ಹೋಗಿ. ಗೆರೆ ಅಲುಗಲೇ ಇಲ್ಲವಾದರೆ ಟ್ರ್ಯಾಕ್ಟರ್ ಕಡೆಯೇ ಹುಡುಕಬೇಕು. ಲಿವರ್ರೇ ಒಳಗೆ ಹೋಗುತ್ತಿಲ್ಲ ಅಂದರೆ ಅದು ಬೇರೆಯೇ ಕಥೆ, ಹೆಚ್ಚಾಗಿ ಕ್ಲಚ್‌ನದ್ದು.

ಇನ್ನೊಂದು ಸಾಧ್ಯತೆ: ಉಪಕರಣ ಇದ್ದಾಗ ಲಿವರ್ ಬೀಳುತ್ತಿರಲಿಲ್ಲ, ತೆಗೆದ ಮೇಲೆ ಸಲೀಸಾಗಿ ಬಿತ್ತು. ಇದು ಉಪಕರಣ ಬಿಗಿದುಕೊಂಡಿರುವ ಲಕ್ಷಣ. ರೋಟವೇಟರ್‌ಗೆ ತಂತಿ ಸುತ್ತಿಕೊಂಡಿರಬಹುದು, ಬ್ಲೇಡ್ ಮಧ್ಯೆ ಕಲ್ಲು ಸಿಕ್ಕಿರಬಹುದು, ಗೇರ್ ಬಾಕ್ಸ್‌ನ ಬೇರಿಂಗ್ ಕಚ್ಚಿಕೊಂಡಿರಬಹುದು. ಹಿಂದಿನ ತುದಿ ಒಂದಿಷ್ಟೂ ತಿರುಗಲು ಬಿಡದಿದ್ದರೆ ಒಳಗಿನ ಹಲ್ಲುಗಳು ಒಂದಕ್ಕೊಂದು ಕೂರುವುದಾದರೂ ಹೇಗೆ?

ನಿಮ್ಮ ಪಿಟಿಒ ಯಾವ ಜಾತಿಯದ್ದು?

ಇದು ಗೊತ್ತಿಲ್ಲದೆ ಹುಡುಕಲು ಹೊರಟರೆ ಸುಮ್ನೆ ಸುತ್ತುತ್ತೀರಿ. ಕಂಡುಹಿಡಿಯುವುದು ಸುಲಭ.

ಕ್ಲಚ್ ಪೆಡಲ್ ಒತ್ತಿದ ಕೂಡಲೇ ಟ್ರ್ಯಾಕ್ಟರ್ ಚಕ್ರವೂ ಪಿಟಿಒವೂ ಎರಡೂ ನಿಂತರೆ ಅದು ಸಿಂಗಲ್ ಕ್ಲಚ್‌ನದ್ದು. ಪೆಡಲ್ ಅರ್ಧ ಒತ್ತಿದಾಗ ಟ್ರ್ಯಾಕ್ಟರ್ ನಿಂತು, ಪೂರ್ತಿ ಒತ್ತಿದಾಗ ಮಾತ್ರ ಪಿಟಿಒ ನಿಂತರೆ ಡ್ಯುಯಲ್ ಕ್ಲಚ್. ಕೆಲವು ಡ್ಯುಯಲ್ ಕ್ಲಚ್‌ಗಳಲ್ಲಿ ಪಿಟಿಒಗೆ ಪೆಡಲ್ ಬದಲು ಪ್ರತ್ಯೇಕ ಕೈ ಲಿವರ್ ಇರುತ್ತದೆ. ಕ್ಲಚ್ ಪೆಡಲ್‌ಗೆ ಸಂಬಂಧವೇ ಇಲ್ಲದೆ ಸ್ವಿಚ್‌ನಿಂದ ಅಥವಾ ಹಗುರವಾದ ಲಿವರ್‌ನಿಂದ ಹಿಡಿಯುವುದು ಎಣ್ಣೆ ಒತ್ತಡದ ಮೇಲೆ ನಡೆಯುವ ಹೈಡ್ರಾಲಿಕ್ ಪಿಟಿಒ. ಹುಲ್ಲು ಕತ್ತರಿಸುವ ಚಿಕ್ಕ ಟ್ರ್ಯಾಕ್ಟರ್‌ಗಳಲ್ಲಿ ಇಂಜಿನ್ ಶಾಫ್ಟ್‌ಗೇ ಕೂರಿಸಿದ ವಿದ್ಯುತ್ ಕಾಂತದ ಕ್ಲಚ್ ಇರುತ್ತದೆ.

ಮೊದಲ ಎರಡರಲ್ಲಿ ಅನುಮಾನ ಕ್ಲಚ್ ಮತ್ತು ಲಿವರ್‌ನ ಕೊಂಡಿಗಳ ಮೇಲೆ. ಮೂರನೆಯದರಲ್ಲಿ ಎಣ್ಣೆ ಮತ್ತು ವೈರಿಂಗ್ ಮೇಲೆ. ನಾಲ್ಕನೆಯದರಲ್ಲಿ ಪೂರ್ತಿ ವಿದ್ಯುತ್ ಮೇಲೆ.

ಕೆಟ್ಟೇ ಇಲ್ಲದೆ ತಿರುಗದಿರುವುದೂ ಉಂಟು

ಹೊಸ ಟ್ರ್ಯಾಕ್ಟರ್ ತಂದವರು, ಬೇರೆಯವರ ಟ್ರ್ಯಾಕ್ಟರ್ ಓಡಿಸುವವರು ಇದನ್ನು ಮೊದಲು ಓದಬೇಕು.

ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಪಿಟಿಒಗೆ ಎರಡು ಲಿವರ್. ಒಂದು ಹಿಡಿಸುವುದಕ್ಕೆ, ಇನ್ನೊಂದು ವೇಗ ಆರಿಸುವುದಕ್ಕೆ. ವೇಗದ ಲಿವರ್ 540 ಮತ್ತು 1000ರ ನಡುವೆ ನ್ಯೂಟ್ರಲ್‌ನಲ್ಲಿ ನಿಂತಿದ್ದರೆ ಮೊದಲಿನದನ್ನು ಎಷ್ಟು ಎಳೆದರೂ ತುದಿ ತಿರುಗುವುದಿಲ್ಲ. ಚಕ್ರದ ವೇಗಕ್ಕೆ ಹೊಂದಿಕೊಂಡು ತಿರುಗುವ ಪಿಟಿಒ ಇರುವ ಟ್ರ್ಯಾಕ್ಟರ್‌ಗಳೂ ಇವೆ. ಲಿವರ್ ಆ ಸ್ಥಾನದಲ್ಲಿದ್ದರೆ ಟ್ರ್ಯಾಕ್ಟರ್ ಚಲಿಸಿದಾಗ ಮಾತ್ರ ತುದಿ ತಿರುಗುತ್ತದೆ. ನಿಂತಲ್ಲೇ ನಿಂತು ಪರೀಕ್ಷೆ ಮಾಡಿದವರಿಗೆ ಪಿಟಿಒ ಸತ್ತುಹೋಗಿದೆ ಅನ್ನಿಸುತ್ತದೆ. ಹೊಟ್ಟೆಯ ಕೆಳಗೂ ಪಿಟಿಒ ಇರುವ ಚಿಕ್ಕ ಟ್ರ್ಯಾಕ್ಟರ್‌ಗಳಲ್ಲಿ ಮಧ್ಯದ್ದೋ ಹಿಂದಿನದೋ ಎಂದು ಆರಿಸುವ ಲಿವರ್ ಬೇರೆ ಇರುತ್ತದೆ.

ಬದಲಾಯಿಸಬಹುದಾದ ಪಿಟಿಒ ತುದಿ ಇದ್ದರೆ ಅದನ್ನೂ ನೋಡಿ. 540ಕ್ಕೆ 6 ಹಲ್ಲು, 1000ಕ್ಕೆ 21 ಹಲ್ಲು. ತಿರುಗಿಸಿ ಹಾಕುವಾಗ ತುದಿ ಪೂರ್ತಿ ಒಳಗೆ ಕೂರದಿದ್ದರೆ, ಅಥವಾ ಲಾಕ್ ರಿಂಗ್ ತನ್ನ ತೋಡಿನಲ್ಲಿ ಕೂರದಿದ್ದರೆ, ಒಳಗಿನ ಗೇರ್ ಒಂದೇ ತಿರುಗುತ್ತಿರುತ್ತದೆ.

ಎಲೆಕ್ಟ್ರಾನಿಕ್ ಸ್ವಿಚ್ ಇರುವ ಟ್ರ್ಯಾಕ್ಟರ್‌ಗಳಿಗೆ ಅವುಗಳದ್ದೇ ಷರತ್ತುಗಳಿರುತ್ತವೆ. ಸೀಟಿನ ಮೇಲೆ ಆಳು ಕೂತಿರಬೇಕು. ಕೆಲವಕ್ಕೆ ಇಂಜಿನ್ ವೇಗ ತುಂಬಾ ಜಾಸ್ತಿ ಇರಬಾರದು. ಕೆಲವದರಲ್ಲಿ ಸ್ವಿಚ್ಚನ್ನು ಕ್ಷಣಕಾಲ ಒತ್ತಿ ಹಿಡಿಯಬೇಕು. ಒಮ್ಮೆ ಸೀಟಿನಿಂದ ಎದ್ದು ಪಿಟಿಒ ಆಫ್ ಆದರೆ, ಮತ್ತೆ ಕೂತ ಮಾತ್ರಕ್ಕೆ ಆನ್ ಆಗುವುದಿಲ್ಲ. ಸ್ವಿಚ್ ಆಫ್ ಮಾಡಿ ಪುನಃ ಆನ್ ಮಾಡಬೇಕು. ಮಡ್‌ಗಾರ್ಡ್ ಮೇಲೆ ಹೊರಗಿನ ಸ್ವಿಚ್ ಇದ್ದರೆ ಅದು ಒತ್ತಿದಂತೆಯೇ ಉಳಿದಿದೆಯೇ ನೋಡಿ. ಪಿಟಿಒ ದೀಪ ಮಿನುಗುತ್ತಿದ್ದರೆ ಅದು ಸುಮ್ನೆ ಅಲ್ಲ. ಮಿನುಗುವ ಲೆಕ್ಕಕ್ಕೆ ಕೈಪಿಡಿಯಲ್ಲಿ ಅರ್ಥ ಇರುತ್ತದೆ.

ಲಿವರ್ ಒಳಗೆ ಹೋಗುತ್ತಿಲ್ಲ, ಅಥವಾ ಗರಗರ ಅನ್ನುತ್ತಿದೆ

ಸಿಂಗಲ್ ಮತ್ತು ಡ್ಯುಯಲ್ ಕ್ಲಚ್ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಕೇಳುವ ದೂರು ಇದೇ. ಗೇರ್ ಹಲ್ಲಿನ ಮುಂದೆ ಹಲ್ಲು ಬಂದು ನಿಂತರೆ ಲಿವರ್ ಅಡ್ಡ ನಿಲ್ಲುತ್ತದೆ. ಆಗ ಬಲ ಹಾಕಿ ಗುದ್ದಬೇಡಿ. ಲಿವರ್ ಮೇಲೆ ಹಗುರವಾಗಿ ಕೈಯಿಟ್ಟು, ಕ್ಲಚ್ ಪೆಡಲನ್ನು ನಿಧಾನವಾಗಿ ಒಂದಿಷ್ಟು ಬಿಟ್ಟು ಮತ್ತೆ ಒತ್ತಿ. ಒಳಗಿನ ಗೇರ್ ಸ್ವಲ್ಪ ತಿರುಗಿ ಹಲ್ಲಿಗೆ ಜಾಗ ಸಿಗುತ್ತದೆ, ಲಿವರ್ ತಾನೇ ಜಾರಿ ಬೀಳುತ್ತದೆ.

ಗರಗರ ಸದ್ದು ಬಂದರೆ ಅದು ಬೇರೆ. ಪೆಡಲ್ ಪೂರ್ತಿ ಒತ್ತಿದ್ದರೂ ಒಳಗಿನ ಗೇರ್ ಇನ್ನೂ ತಿರುಗುತ್ತಿದೆ ಎಂದರ್ಥ. ಪೆಡಲ್ ಒತ್ತಿ ನಾಲ್ಕೈದು ಸೆಕೆಂಡ್ ಕಾದು ಆಮೇಲೆ ಹಾಕಿ ನೋಡಿ. ಕಾದರೆ ಬೀಳುತ್ತದೆ, ಕಾಯದಿದ್ದರೆ ಗರಗರ ಅನ್ನುತ್ತದೆ ಅಂದರೆ ತೊಂದರೆ ನಿಮ್ಮ ಅವಸರದ್ದೇ. ಎಷ್ಟು ಕಾದರೂ ಗರಗರ ನಿಲ್ಲದಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ಬಿಡದಿರುವುದಕ್ಕೆ ಮೊದಲ ಕಾರಣ ಪೆಡಲ್ ಪ್ಲೇ. ಕೈಯಿಂದ ಪೆಡಲ್ ಒತ್ತಿ ನೋಡಿ. ಶುರುವಿನಲ್ಲಿ ಭಾರವಿಲ್ಲದೆ ಇಳಿಯುವ ಆ ಸಣ್ಣ ದೂರವೇ ಪ್ಲೇ. ಅದು ಎಷ್ಟಿರಬೇಕು ಎಂದು ಕೈಪಿಡಿ ಹೇಳುತ್ತದೆ. ಸ್ಕೇಲ್ ಹಿಡಿದು ಅಳೆಯಿರಿ, ಅಂದಾಜು ಬೇಡ. ಪ್ಲೇ ಜಾಸ್ತಿಯಾದರೆ ಪೆಡಲ್ ತಳ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಬೀಳುವುದಿಲ್ಲ. ಕಡಿಮೆಯಾದರೆ ಕ್ಲಚ್ ಸದಾ ಅರ್ಧ ಒತ್ತಿದಂತೆಯೇ ಇದ್ದು ಪ್ಲೇಟ್ ಜಾರಿ ಸುಡುತ್ತದೆ. ಕೊಂಡಿ ರಾಡ್‌ನ ಲಾಕ್ ನಟ್ ಸಡಿಲಿಸಿ, ರಾಡನ್ನು ತಿರುಗಿಸಿ ಉದ್ದ ಸರಿ ಮಾಡಿದರೆ ಪ್ಲೇ ಸರಿಹೋಗುತ್ತದೆ.

ಡ್ಯುಯಲ್ ಕ್ಲಚ್‌ನಲ್ಲಿ ಒಂದು ವಿಚಿತ್ರ ಇದೆ. ಟ್ರ್ಯಾಕ್ಟರ್ ಗೇರ್ ಚೆನ್ನಾಗಿ ಬೀಳುತ್ತಿರುತ್ತದೆ, ಪಿಟಿಒ ಮಾತ್ರ ಗರಗರ ಅನ್ನುತ್ತದೆ. ಕ್ಲಚ್ ಸರಿಯಾಗಿಯೇ ಇದೆಯಲ್ಲ ಅಂತ ನಾವು ಅದನ್ನು ಬಿಟ್ಟು ಬೇರೆಲ್ಲ ಹುಡುಕುತ್ತೇವೆ. ಆದರೆ ಪಿಟಿಒ ಕ್ಲಚ್ ಬಿಡುವುದು ಪೆಡಲ್‌ನ ಕೊನೆಯ ಅರ್ಧದಲ್ಲಿ. ಪೆಡಲ್ ಕೆಳಗೆ ಒಣಗಿದ ಮಣ್ಣಿನ ಹೆಂಟೆ, ಮಡಚಿದ ಮ್ಯಾಟ್, ಬಿದ್ದ ಸ್ಪ್ಯಾನರ್ ಏನೇ ಇದ್ದರೂ ಕೊನೆಯ ಆ ದೂರ ಸಿಗುವುದಿಲ್ಲ. ಕಾಲಡಿ ಬಗ್ಗಿ ನೋಡಿ. ಅಲ್ಲೇನೂ ಇಲ್ಲ, ಪ್ಲೇಯೂ ಸರಿ ಇದೆ ಅಂದರೆ ಒಳಗಿನ ಕ್ಲಚ್ ಫಿಂಗರ್‌ಗಳ (ಕ್ಲಚ್ ಬಿಡಿಸುವ ಚಿಕ್ಕ ತೋಳುಗಳ) ಹೊಂದಾಣಿಕೆ ಕೆಟ್ಟಿದೆ. ಅದು ಮೆಕ್ಯಾನಿಕ್ ಕೆಲಸ.

ತಿಂಗಳುಗಟ್ಟಲೆ ತೇವದಲ್ಲಿ ನಿಂತ ಟ್ರ್ಯಾಕ್ಟರ್ ಆದರೆ ಕ್ಲಚ್ ಪ್ಲೇಟ್ ತುಕ್ಕು ಹಿಡಿದು ಅಂಟಿಕೊಂಡಿರಬಹುದು. ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿ. ಪೆಡಲ್ ಪೂರ್ತಿ ಒತ್ತಿ, ಮರದ ತುಂಡು ಆನಿಸಿ ಒಂದು ರಾತ್ರಿ ಹಾಗೇ ಬಿಡಿ. ಎಷ್ಟೋ ಸಲ ಬೆಳಿಗ್ಗೆಗೆ ಬಿಟ್ಟುಕೊಂಡಿರುತ್ತದೆ. ಬಿಡದಿದ್ದರೆ ಅದನ್ನೇ ಮತ್ತೆ ಮತ್ತೆ ಮಾಡುತ್ತಾ ಕೂರಬೇಡಿ, ಬಿಚ್ಚಲೇಬೇಕು.

ಇನ್ನು ಕ್ಲಚ್ ಸರಿ ಇದ್ದು, ಇಂಜಿನ್ ನಿಂತಿರುವಾಗಲೂ ಲಿವರ್ ಕಲ್ಲಿನಂತೆ ಬಿಗಿಯಾಗಿದ್ದರೆ? ಆಗ ಲಿವರ್‌ನ ಕೀಲು ಅಥವಾ ಕೇಬಲ್ ತುಕ್ಕು ಹಿಡಿದಿರಬಹುದು. ಹೌಸಿಂಗ್ ಕಡೆಯ ಕೊಂಡಿಯನ್ನು ಕಳಚಿ ಲಿವರ್ ಆಡಿಸಿ. ಈಗಲೂ ಬಿಗಿ ಇದ್ದರೆ ತಪ್ಪು ಲಿವರ್ ಕಡೆಯದ್ದು. ಸಡಿಲವಾದರೆ ಒಳಗಿನದ್ದು.

ಲಿವರ್ ಬೀಳುತ್ತದೆ, ತುದಿ ತಿರುಗುವುದಿಲ್ಲ

ಇಂಜಿನ್ ನಿಲ್ಲಿಸಿ. ಒಬ್ಬರು ಸೀಟಿನಿಂದ ಲಿವರ್ ಆಡಿಸಲಿ, ನೀವು ಕೆಳಗೆ ಹೌಸಿಂಗ್ ಪಕ್ಕ ಕೂತು ನೋಡಿ. ಲಿವರ್‌ನಿಂದ ಬರುವ ರಾಡ್ ಅಥವಾ ಕೇಬಲ್ ಅಲ್ಲಿ ಒಂದು ಚಿಕ್ಕ ಕಬ್ಬಿಣದ ತೋಳಿಗೆ ಸೇರಿರುತ್ತದೆ. ಆ ತೋಳಿನ ಮೇಲೆ ಕಣ್ಣಿಡಿ.

ತೋಳು ಅಲುಗುವುದೇ ಇಲ್ಲವಾದರೆ ದಾರಿ ಮಧ್ಯೆ ಏನೋ ಕಳಚಿದೆ. ಸ್ಪ್ಲಿಟ್ ಪಿನ್ ಬಿದ್ದುಹೋಗಿ ರಾಡ್ ಜೋತಾಡುತ್ತಿರಬಹುದು. ಕೇಬಲ್ ಹೊರಗಿನ ಕವಚ ಕ್ಲಾಂಪ್‌ನಿಂದ ಜಾರಿರಬಹುದು. ಇಂಥದ್ದಕ್ಕೆ ಹೊಸ ಪಿನ್ ಹಾಕಿದರೆ ಮುಗಿಯಿತು. ಪಿನ್ ಬದಲು ತಂತಿ ಸುತ್ತಿ ಬಿಡಬೇಡಿ, ಅದು ಮತ್ತೆ ಕಳಚುವುದು ಖಂಡಿತ.

ತೋಳು ಅಲುಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಇದು ಹೆಚ್ಚು ಮೋಸದ್ದು, ಯಾಕಂದರೆ ಸೀಟಿನಿಂದ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಸವೆದ ಕೀಲುಗಳಲ್ಲಿ ಒಂದೊಂದು ಕಡೆ ಒಂದೆರಡು ಮಿಲಿಮೀಟರ್ ಕಳೆದುಹೋದರೂ ಕೊನೆಗೆ ಗೇರ್ ಅರ್ಧ ಮಾತ್ರ ಕೂರುತ್ತದೆ. ಅರ್ಧ ಕೂತ ಗೇರ್ ಹೊರೆ ಬಿದ್ದ ಕೂಡಲೇ ಹೊರಗೆ ಚಿಮ್ಮುತ್ತದೆ. ಪಿಟಿಒ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಬಿಟ್ಟುಕೊಳ್ಳುತ್ತದೆ ಎನ್ನುವವರ ತೊಂದರೆ ಹೆಚ್ಚಾಗಿ ಇದೇ. ಕೊಂಡಿ ಕಳಚಿ, ತೋಳನ್ನು ಕೈಯಿಂದಲೇ ಪೂರ್ತಿ ತಳ್ಳಿ. ಸರಿಯಾದ ಜಾಗಕ್ಕೆ ಬಂದಾಗ ಒಳಗೆ ಟಕ್ ಎಂದು ಕೂತಂತೆ ಕೈಗೆ ಗೊತ್ತಾಗುತ್ತದೆ. ಆ ಸ್ಥಾನಕ್ಕೆ ತಕ್ಕಂತೆ ರಾಡ್‌ನ ಉದ್ದ ಹೊಂದಿಸಿ.

ತೋಳು ಪೂರ್ತಿ ಚಲಿಸಿ ಟಕ್ ಎಂದು ಕೂತರೂ ತುದಿ ತಿರುಗುತ್ತಿಲ್ಲವಾದರೆ, ಒಳಗಿನ ಫೋರ್ಕ್, ಕಪ್ಲಿಂಗ್ ಅಥವಾ ಶಾಫ್ಟ್‌ನಲ್ಲಿ ಮುರಿತ ಇರಬಹುದು. ಡ್ಯುಯಲ್ ಕ್ಲಚ್ ಆದರೆ ಪಿಟಿಒ ಪ್ಲೇಟ್ ಪೂರ್ತಿ ಸವೆದಿರಬಹುದು. ಇಲ್ಲಿಗೆ ಹೊರಗಿನ ಹುಡುಕಾಟ ಮುಗಿಯಿತು.

ಹೈಡ್ರಾಲಿಕ್ ಪಿಟಿಒ: ಮೊದಲು ಎಣ್ಣೆ, ಆಮೇಲೆ ವೈರ್

ಇದರಲ್ಲಿ ಎಣ್ಣೆಯ ಒತ್ತಡ ಕ್ಲಚ್ ಪ್ಲೇಟ್‌ಗಳನ್ನು ಒತ್ತಿ ಹಿಡಿಯುತ್ತದೆ. ಎಣ್ಣೆ ಕಡಿಮೆಯಾದರೆ, ಗಾಳಿ ಸೇರಿದರೆ, ಫಿಲ್ಟರ್ ಕಟ್ಟಿಕೊಂಡರೆ ಒತ್ತಡವೂ ಇಲ್ಲ, ಪಿಟಿಒವೂ ಇಲ್ಲ. ಟ್ರ್ಯಾಕ್ಟರ್ ಸಮತಟ್ಟಾಗಿ ನಿಂತಿರುವಾಗ, ಲಿಫ್ಟ್ ಇಳಿಸಿ, ಕೈಪಿಡಿ ಹೇಳಿದಂತೆ ಗೇಜ್ ಕಡ್ಡಿ ತೆಗೆದು ನೋಡಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಜಾರಿ ಸುಟ್ಟಿರುವ ಸಾಧ್ಯತೆ ಜಾಸ್ತಿ. ಬೆಳಗಿನ ಚಳಿಯಲ್ಲಿ ಹಿಡಿಯದೆ, ಇಂಜಿನ್ ಬಿಸಿಯಾದ ಮೇಲೆ ಹಿಡಿಯುತ್ತದೆ ಅಂದರೆ ಎಣ್ಣೆ ದಪ್ಪಗಾಗಿದೆ, ಅಥವಾ ಫಿಲ್ಟರ್ ಕಟ್ಟಿಕೊಂಡು ದಪ್ಪ ಎಣ್ಣೆಯನ್ನು ಬಿಡುತ್ತಿಲ್ಲ. ಇದಕ್ಕೆ ಉಲ್ಟಾ, ತಣ್ಣಗಿದ್ದಾಗ ಹಿಡಿದು ಬಿಸಿಯಾದ ಮೇಲೆ ಬಿಟ್ಟರೆ ಒಳಗಿನ ಸೀಲ್‌ಗಳಲ್ಲಿ ಸೋರಿಕೆ ಇದೆ ಎಂದು ಅನುಮಾನಿಸಿ. ತೆಳುವಾದ ಬಿಸಿ ಎಣ್ಣೆ ಸವೆದ ಸೀಲ್ ದಾಟಿ ಹೋಗಿಬಿಡುತ್ತದೆ.

ಈಗ ಲಿಫ್ಟ್ ಎತ್ತಿ ನೋಡಿ, ಸ್ಟೀರಿಂಗ್ ತಿರುಗಿಸಿ ನೋಡಿ. ಅವೂ ಮಂದವಾಗಿದ್ದರೆ ಪಂಪ್, ಫಿಲ್ಟರ್, ಎಣ್ಣೆ ಇವುಗಳ ಕಡೆ ಹೋಗಿ. ಅವೆಲ್ಲ ಚುರುಕಾಗಿದ್ದು ಪಿಟಿಒ ಒಂದೇ ಸತ್ತಿದ್ದರೆ ಅದರ ವಾಲ್ವ್ ಅಥವಾ ವೈರಿಂಗ್ ಮೇಲೆ ಅನುಮಾನ ಪಡಿ.

ಮೊದಲು ಫ್ಯೂಸ್. ಕಣ್ಣಿಗೆ ಚೆನ್ನಾಗಿ ಕಂಡರೂ ಮಲ್ಟಿಮೀಟರ್‌ನಲ್ಲಿ ಪರೀಕ್ಷಿಸಿ. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ ದೊಡ್ಡ ಆಂಪಿಯರ್‌ನದ್ದು ಹಾಕಬೇಡಿ, ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ. ಆಮೇಲೆ ರಿಲೇ. ಪಕ್ಕದಲ್ಲೇ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಆಮೇಲೆ ಸೊಲೆನಾಯ್ಡ್, ಅಂದರೆ ವಿದ್ಯುತ್ ಕಾಂತದಿಂದ ವಾಲ್ವ್ ಆಡಿಸುವ ಭಾಗ. ಸ್ವಿಚ್‌ಗೆ ಕೀ ಆನ್ ಇದ್ದರೆ ಸಾಕು ಎನ್ನುವ ಟ್ರ್ಯಾಕ್ಟರ್ ಆದರೆ, ಇಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಮಾಡಿ, ಒಬ್ಬರು ಸೀಟಿನಲ್ಲಿ ಕೂತು ಪಿಟಿಒ ಸ್ವಿಚ್ ಹಾಕಲಿ. ವಾಲ್ವ್ ಹತ್ತಿರ ಕಿವಿ ಕೊಟ್ಟರೆ ಸಣ್ಣದಾಗಿ ಟಿಕ್ ಕೇಳಬೇಕು. ಸೊಲೆನಾಯ್ಡ್‌ನ ತಲೆಯ ಹತ್ತಿರ ಸ್ಕ್ರೂಡ್ರೈವರ್ ತುದಿ ಹಿಡಿದರೆ ಅದು ಸೆಳೆಯಬೇಕು. ಸೆಳೆಯುತ್ತಿದೆ ಆದರೂ ಪಿಟಿಒ ಇಲ್ಲ ಅಂದರೆ ವಾಲ್ವ್ ಒಳಗೆ ಕಸ ಸಿಕ್ಕಿದೆ, ಇಲ್ಲವೇ ಒತ್ತಡವೇ ಬರುತ್ತಿಲ್ಲ. ಸೆಳೆಯುತ್ತಿಲ್ಲ ಅಂದರೆ ಕನೆಕ್ಟರ್ ಕಳಚಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಷ್ಟೇ ವೋಲ್ಟ್ ಬರುತ್ತಿದ್ದರೆ ಕಾಯಿಲ್ ಸತ್ತಿದೆ. ಬರುತ್ತಿಲ್ಲವಾದರೆ ಹಿಂದಕ್ಕೆ ಹುಡುಕುತ್ತಾ ಹೋಗಿ: ಸೀಟ್ ಸ್ವಿಚ್, ಪಿಟಿಒ ಸ್ವಿಚ್, ಇಲಿ ಕಡಿದ ವೈರ್.

ಒತ್ತಡ ಎಷ್ಟಿದೆ ಎಂದು ಗೇಜ್ ಹಾಕಿ ನೋಡುವುದೇ ಕೊನೆಯ ಮಾತು. ಪರೀಕ್ಷೆಗೆ ಬಹಳ ಟ್ರ್ಯಾಕ್ಟರ್‌ಗಳಲ್ಲಿ ಒಂದು ಪ್ಲಗ್ ಇರುತ್ತದೆ. ಸರಿಯಾದ ಗೇಜ್ ಇಲ್ಲದಿದ್ದರೆ ಆ ಪ್ಲಗ್ ಮುಟ್ಟಬೇಡಿ. ಸೋರಿಕೆ ಹುಡುಕುವಾಗ ಬೆರಳಿನಿಂದ ಸವರಿ ನೋಡುವ ಅಭ್ಯಾಸವನ್ನೂ ಬಿಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮದೊಳಗೆ ತೂರಿಕೊಳ್ಳುತ್ತದೆ, ಅದು ತುರ್ತು ಚಿಕಿತ್ಸೆ ಬೇಕಾಗುವ ಗಾಯ. ರಟ್ಟಿನ ತುಂಡು ಹಿಡಿದು ನೋಡಿ.

ಚಿಕ್ಕ ಟ್ರ್ಯಾಕ್ಟರ್‌ಗಳ ವಿದ್ಯುತ್ ಕ್ಲಚ್

ಇಲ್ಲಿ ಮಲ್ಟಿಮೀಟರ್ ಒಂದಿದ್ದರೆ ಅರ್ಧ ಗಂಟೆಯ ಕೆಲಸ. ಮೊದಲು ಬ್ಯಾಟರಿ: ನಿಂತಾಗ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಆಮೇಲೆ ಕ್ಲಚ್‌ಗೆ ಹೋಗುವ ಕನೆಕ್ಟರ್ ಕಳಚಿ, ಸ್ವಿಚ್ ಹಾಕಿದಾಗ ಅಲ್ಲಿ ವೋಲ್ಟ್ ಬರುತ್ತಿದೆಯೇ ನೋಡಿ. ಬ್ಯಾಟರಿಯ ವೋಲ್ಟ್‌ಗೆ ಹೋಲಿಸಿದರೆ ಒಂದು ವೋಲ್ಟ್‌ಗೂ ಮೀರಿ ಇಳಿದಿದ್ದರೆ ದಾರಿಯಲ್ಲಿ ತುಕ್ಕು ಹಿಡಿದ ಜೋಡಣೆ ಇದೆ. ಏನೂ ಬರದಿದ್ದರೆ ಸೀಟು, ಬ್ರೇಕ್, ರಿವರ್ಸ್ ಇವುಗಳ ಸುರಕ್ಷತಾ ಸ್ವಿಚ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ. ವೈರ್ ಜೋಡಿಸಿ ಸೀಟ್ ಸ್ವಿಚ್ಚನ್ನು ದಾಟಿಸುವ ಉಪಾಯ ಎಲ್ಲರಿಗೂ ಗೊತ್ತು. ಪರೀಕ್ಷೆಗೆಂದು ಹಾಕಿದ ಆ ತುಂಡು ವೈರ್ ಅಲ್ಲೇ ಉಳಿದುಬಿಡುತ್ತದೆ, ಅದೇ ಅಪಾಯ. ಮೀಟರ್‌ನಲ್ಲೇ ಸ್ವಿಚ್ ಪರೀಕ್ಷೆ ಮಾಡಿ.

ವೋಲ್ಟ್ ಚೆನ್ನಾಗಿ ಬರುತ್ತಿದ್ದರೆ ಕ್ಲಚ್ ಕಾಯಿಲ್‌ನ ಓಮ್ ಅಳೆಯಿರಿ. ಸಾಮಾನ್ಯವಾಗಿ 2ರಿಂದ 4 ಓಮ್ ಇರುತ್ತದೆ, ನಿಖರ ಅಂಕಿ ಕೈಪಿಡಿಯಲ್ಲಿದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಸೊನ್ನೆಯ ಹತ್ತಿರ ತೋರಿಸಿದರೆ ಒಳಗೆ ಶಾರ್ಟ್ ಆಗಿದೆ, ಫ್ಯೂಸ್ ಸುಡುತ್ತಿದ್ದದ್ದೂ ಅದಕ್ಕೇ.

ಬೆಳಿಗ್ಗೆ ಹಿಡಿಯುತ್ತದೆ, ಒಂದು ಗಂಟೆ ಕೆಲಸ ಮಾಡಿ ನಿಲ್ಲಿಸಿದರೆ ಮತ್ತೆ ಹಿಡಿಯುವುದಿಲ್ಲ ಎಂಬ ದೂರು ಬಹಳ. ತಾಮ್ರ ಬಿಸಿಯಾದಂತೆ ಅದರ ತಡೆ ಏರುತ್ತದೆ. 20 ಡಿಗ್ರಿಯಲ್ಲಿ 3 ಓಮ್ ಇದ್ದ ಕಾಯಿಲ್ 100 ಡಿಗ್ರಿಗೆ ಹತ್ತಿರ ಹತ್ತಿರ 4 ಓಮ್ ಆಗುತ್ತದೆ. 12 ವೋಲ್ಟ್‌ನಲ್ಲಿ 4 ಆಂಪಿಯರ್ ಹರಿಯುತ್ತಿದ್ದದ್ದು 3ಕ್ಕೆ ಇಳಿಯುತ್ತದೆ, ಕಾಂತದ ಸೆಳೆತ ಕುಗ್ಗುತ್ತದೆ. ಪ್ಲೇಟ್ ಸವೆದು ಗ್ಯಾಪ್ ಜಾಸ್ತಿಯಾಗಿದ್ದರೆ ಆ ಕುಗ್ಗಿದ ಸೆಳೆತಕ್ಕೆ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ. ಅಂದರೆ ಹೊಸ ಕ್ಲಚ್ ಕೊಳ್ಳುವ ಮೊದಲು ಗ್ಯಾಪ್ ನೋಡಬೇಕು. ಹೊಂದಿಸಬಹುದಾದ ಕ್ಲಚ್‌ಗಳಲ್ಲಿ ಸುತ್ತಲೂ ಮೂರು ಕಿಂಡಿ, ಮೂರು ನಟ್ ಇರುತ್ತವೆ. ಕಿಂಡಿಯಲ್ಲಿ ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. ಅನೇಕ ಕ್ಲಚ್‌ಗಳಿಗೆ 0.3ರಿಂದ 0.5 ಮಿಲಿಮೀಟರ್ ಗ್ಯಾಪ್ ಸರಿ. ಗೇಜ್ ಹಗುರವಾಗಿ ಉಜ್ಜಿಕೊಂಡು ಹೋಗುವಂತೆ ಮೂರೂ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಪ್ಲೇಟ್ ವಾಲುತ್ತದೆ.

ತುದಿ ತಿರುಗುತ್ತದೆ, ಉಪಕರಣ ತಿರುಗುವುದಿಲ್ಲ

ಇಂಜಿನ್ ನಿಲ್ಲಿಸಿ, ಕಾರ್ಡನ್ ಶಾಫ್ಟನ್ನು ಉಪಕರಣಕ್ಕೆ ಮಾತ್ರ ಜೋಡಿಸಿ, ಕೈಯಿಂದ ತಿರುಗಿಸಿ. ಶಾಫ್ಟ್ ತಿರುಗಿ ಉಪಕರಣದ ಗೇರ್ ಬಾಕ್ಸ್ ಸುಮ್ಮನಿದ್ದರೆ ಶಿಯರ್ ಬೋಲ್ಟ್ ತುಂಡಾಗಿದೆ. ಅದು ತುಂಡಾಗಲೆಂದೇ ಇರುವ ಬೋಲ್ಟ್. ಉಪಕರಣಕ್ಕೆ ಹೇಳಿದ ಗ್ರೇಡ್‌ನದ್ದೇ ಹಾಕಿ. ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಕಲ್ಲು ಸಿಕ್ಕಾಗ ತುಂಡಾಗುವುದು ಗೇರ್.

ಹೊರೆ ಮಿತಿಮೀರಿದಾಗ ಜಾರಿ ಗೇರ್ ಕಾಯುವ ಸ್ಲಿಪ್ ಕ್ಲಚ್ ಇದ್ದರೆ ಅದರ ಸ್ಪ್ರಿಂಗ್ ಸಡಿಲವಾಗಿ, ಅಥವಾ ಪ್ಲೇಟ್ ಸವೆದು ಜಾರುತ್ತಿರಬಹುದು. ಕೆಲಸದ ನಂತರ ಹೊಗೆ ಅಥವಾ ಸುಟ್ಟ ವಾಸನೆ ಅದರ ಸುಳಿವು. ಸ್ಪ್ರಿಂಗ್ ಎಷ್ಟು ಉದ್ದಕ್ಕೆ ಒತ್ತಿರಬೇಕು ಎಂಬ ಅಳತೆ ಉಪಕರಣದ ಕೈಪಿಡಿಯಲ್ಲಿರುತ್ತದೆ. ನಟ್‌ಗಳನ್ನು ಸುಮ್ನೆ ಕೊನೆಯವರೆಗೆ ಬಿಗಿದುಬಿಟ್ಟರೆ ಸ್ಲಿಪ್ ಕ್ಲಚ್ ಇದ್ದೂ ಇಲ್ಲದಂತೆ.

ಒಂದೇ ದಿಕ್ಕಿಗೆ ಹಿಡಿಯುವ ಓವರ್‌ರನ್ನಿಂಗ್ ಕ್ಲಚ್ ಇದ್ದರೆ ಅದನ್ನು ಕೈಯಲ್ಲಿ ತಿರುಗಿಸಿ. ಒಂದು ಕಡೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆ ಹಿಡಿಯಬೇಕು. ಎರಡೂ ಕಡೆ ಸಲೀಸಾಗಿ ತಿರುಗಿದರೆ ಒಳಗಿನ ಹಿಡಿಕೆಗಳು ಗ್ರೀಸ್ ಗಟ್ಟಿಯಾಗಿ ಅಂಟಿಕೊಂಡಿವೆ ಅಥವಾ ಮುರಿದಿವೆ. ಪಿಟಿಒ ತುದಿಯ ಮೇಲೆ ಕೂರುವ ಯೋಕ್‌ನ ಒಳಹಲ್ಲುಗಳನ್ನೂ ಟಾರ್ಚ್ ಬಿಟ್ಟು ನೋಡಿ, ಸವೆದು ನುಣ್ಣಗಾಗಿರಬಹುದು. ಲಾಕ್ ಪಿನ್ ತುದಿಯ ತೋಡಿನಲ್ಲಿ ಕೂತಿದೆಯೇ ಎಂದು ಯೋಕನ್ನು ಹಿಂದೆ ಮುಂದೆ ಎಳೆದು ಖಾತ್ರಿ ಮಾಡಿಕೊಳ್ಳಿ.

ಖಾಲಿಯಾಗಿ ತಿರುಗಿ, ಹೊರೆ ಬಿದ್ದಾಗ ನಿಲ್ಲುತ್ತಿದ್ದರೆ ಇಂಜಿನ್ ಸದ್ದು ಕೇಳಿ. ಇಂಜಿನ್ ಕೂಡ ಉಸಿರುಗಟ್ಟಿದಂತೆ ಇಳಿದರೆ ಹೊರೆ ಜಾಸ್ತಿ, ಇಲ್ಲವೇ ಉಪಕರಣ ಬಿಗಿಯಾಗಿದೆ. ಇಂಜಿನ್ ಆರಾಮವಾಗಿ ಓಡುತ್ತಿದ್ದು ಪಿಟಿಒ ಮಾತ್ರ ನಿಧಾನವಾದರೆ ಎಲ್ಲೋ ಕ್ಲಚ್ ಜಾರುತ್ತಿದೆ. ಹಾಗೇ ಕೆಲಸ ಮುಂದುವರಿಸಬೇಡಿ, ಜಾರುವ ಪ್ಲೇಟ್ ಬಹಳ ಬೇಗ ಸುಟ್ಟುಹೋಗುತ್ತದೆ.

ಮೆಕ್ಯಾನಿಕ್‌ಗೆ ಕೊಡುವಾಗ

ಟ್ರ್ಯಾಕ್ಟರನ್ನು ಎರಡು ಭಾಗ ಮಾಡಬೇಕಾದ ಕ್ಲಚ್ ಕೆಲಸ, ಪಿಟಿಒ ಹೌಸಿಂಗ್ ಒಳಗಿನ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ಆದರೆ ಪಿಟಿಒ ಹಿಡಿಯಲ್ಲ ಎಂದಷ್ಟೇ ಹೇಳಿ ಬಿಟ್ಟುಬರಬೇಡಿ. ಉಪಕರಣ ತೆಗೆದರೂ ತಿರುಗಲಿಲ್ಲ, ಹೌಸಿಂಗ್‌ನ ತೋಳು ಪೂರ್ತಿ ಚಲಿಸುತ್ತದೆ, ಸೊಲೆನಾಯ್ಡ್‌ಗೆ ಇಷ್ಟು ವೋಲ್ಟ್ ಬರುತ್ತಿದೆ, ತಣ್ಣಗಿದ್ದಾಗ ಹೀಗೆ ಬಿಸಿಯಾದಾಗ ಹೀಗೆ ಎಂದು ಬರೆದು ಕೊಡಿ. ಬೇಡದ್ದನ್ನು ಬಿಚ್ಚುವುದು ತಪ್ಪುತ್ತದೆ. ಎಣ್ಣೆ ಇಳಿಸಿದಾಗ ಡ್ರೈನ್ ಪ್ಲಗ್‌ನ ಕಾಂತವನ್ನು ನೀವೂ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಸಾಮಾನ್ಯ ಸವೆತ. ಚೂಪಾದ ಲೋಹದ ಚೂರು ಇದ್ದರೆ ಗೇರ್ ಅಥವಾ ಬೇರಿಂಗ್ ಹೋಗಿದೆ. ಇಳಿಸಿದ ಎಣ್ಣೆಯಲ್ಲಿ ಕಪ್ಪು ನಾರಿನಂಥ ಚೂರು ತೇಲಿದರೆ ಅದು ಕ್ಲಚ್ ಪ್ಲೇಟ್‌ನದ್ದು.

ಸರಿಹೋದ ಮೇಲೆ

ಮೊದಲು ಉಪಕರಣ ಇಲ್ಲದೆ, ಐಡ್ಲಿಂಗ್‌ನಲ್ಲಿ ಐದಾರು ಸಲ ಪಿಟಿಒ ಹಾಕಿ ತೆಗೆದು ನೋಡಿ. ಪ್ರತಿ ಸಲವೂ ಸದ್ದಿಲ್ಲದೆ ಹಿಡಿಯಬೇಕು, ತೆಗೆದಾಗ ನಿಲ್ಲಬೇಕು. ಹೈಡ್ರಾಲಿಕ್ ಪಿಟಿಒ ತೆಗೆದ ಮೇಲೂ ತಣ್ಣನೆ ಎಣ್ಣೆಯಿಂದಾಗಿ ತುದಿ ಸ್ವಲ್ಪ ಹೊತ್ತು ನಿಧಾನವಾಗಿ ತಿರುಗುವುದುಂಟು. ಬಿಸಿಯಾದ ಮೇಲೂ ತಿರುಗುತ್ತಲೇ ಇದ್ದರೆ ಪಿಟಿಒ ಬ್ರೇಕ್ ನೋಡಬೇಕು. ಆಮೇಲೆ ಮೀಟರಿನಲ್ಲಿ 540ರ ಗುರುತಿನವರೆಗೆ ಇಂಜಿನ್ ಏರಿಸಿ ಕೆಲವು ನಿಮಿಷ ಓಡಿಸಿ.

ಉಪಕರಣ ಜೋಡಿಸಿ, ಗಾರ್ಡ್‌ಗಳನ್ನೆಲ್ಲ ಮರಳಿ ಹಾಕಿ, ಶಾಫ್ಟ್ ಗಾರ್ಡ್ ತಿರುಗದಂತೆ ತಡೆಯುವ ಸರಪಳಿ ಕಟ್ಟಿ. ರೋಟವೇಟರ್ ಆದರೆ ಮೊದಲ ಕಾಲು ಗಂಟೆ ಕಡಿಮೆ ಆಳದಲ್ಲಿ ಓಡಿಸಿ. ನಿಲ್ಲಿಸಿ, ಕೀ ತೆಗೆದು, ನೀವು ಬಿಚ್ಚಿ ಹಾಕಿದ ಪ್ರತಿ ಲಾಕ್ ನಟ್ ಮತ್ತು ಪಿನ್ ಅನ್ನು ಇನ್ನೊಮ್ಮೆ ಮುಟ್ಟಿ ನೋಡಿ ಕೆಲಸಕ್ಕೆ ಇಳಿಯಿರಿ.